ಹದಿನೇಳನೇ ಪುಟ

ಫೈಲು ತೆರೆದರೆ ರಜೆ ಅರ್ಜಿಯೇ ಇರಲಿಲ್ಲ.

ಮೂರು ವಾರದ ಹಿಂದೆಯೇ ಕೊಟ್ಟಿದ್ದೆ ಎಂದು ಟೈಪಿಸ್ಟ್ ಹೇಳುತ್ತಲೇ ಇದ್ದಳು. ತನಿಖೆಗೆ ಬಂದ ಅಧಿಕಾರಿ ಗಡಿಯಾರ ನೋಡಿದಳು. ಹನ್ನೊಂದೂವರೆ. ಸಂಜೆ ನಾಲ್ಕರೊಳಗೆ ರಜೆ ಮಂಜೂರಾಗದಿದ್ದರೆ ಮಗು ವಾಪಸ್.

ಟೈಪಿಸ್ಟ್ ಸಾಕಲು ಕರೆತಂದ ನಾಲ್ಕು ವರ್ಷದ ಹೆಣ್ಣುಮಗು ಅದು. ಮೊದಲ ಮೂರು ತಿಂಗಳು ಸಾಕುತಾಯಿ ಮನೆಯಲ್ಲೇ ಜೊತೆಗಿರಬೇಕು ಎಂಬುದು ಮಕ್ಕಳ ಕಲ್ಯಾಣ ಕಚೇರಿಯ ಷರತ್ತು. ಅದಕ್ಕೆಂದೇ ಸರ್ಕಾರ ಇಂಥ ನೌಕರರಿಗೆ ಸಂಬಳ ಸಹಿತ ರಜೆ ಕೊಟ್ಟಿತ್ತು. ಆದರೆ ಅರ್ಜಿಯಿಲ್ಲದೆ ರಜೆ ಎಲ್ಲಿಂದ ಬರಬೇಕು?

ಮಗು ಹೊರಗೆ ಬೆಂಚಿನ ಮೇಲೆ ಚೀಲ ತಬ್ಬಿ ಕೂತಿತ್ತು. ಮಲಗುವಾಗಲೂ ಬೂಟು ಬಿಚ್ಚುವುದಿಲ್ಲವಂತೆ. ಆಗಲೇ ಮೂರು ಮನೆ ಬದಲಾಯಿಸಿದ ಕೂಸು, ಯಾವಾಗ ಹೊರಡು ಅಂತಾರೋ ಅದಕ್ಕೇನು ಗೊತ್ತು. ಕೇಳಿ ಅಧಿಕಾರಿಗೆ ಮೈಯೆಲ್ಲ ಉರಿದುಹೋಯಿತು.

* * *

ಸೂಪರಿಂಟೆಂಡೆಂಟ್ ಬಲು ಅಚ್ಚುಕಟ್ಟಿನ ಮನುಷ್ಯ. ಅಧಿಕಾರಿ ಕೊಟ್ಟ ತನಿಖಾ ಪತ್ರವನ್ನು ಓದುವ ಮೊದಲೇ ಟೈಪಿಸ್ಟಳ ಫೈಲಿಗೆ ಪೋಣಿಸಿ, ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಹತ್ತೊಂಬತ್ತು ಎಂದು ಬರೆದ. ಆಮೇಲೆ ಓದಿದ.

ಅರ್ಜಿ ತನ್ನ ಮೇಜಿಗೆ ಬಂದೇ ಇಲ್ಲ, ಟಪಾಲಿನವಳನ್ನು ಕೇಳಿ ಎಂದ.

ಟಪಾಲು ಗುಮಾಸ್ತೆಗೂ ಟೈಪಿಸ್ಟಳಿಗೂ ಕಿಟಕಿ ಪಕ್ಕದ ಕುರ್ಚಿಗಾಗಿ ಜಗಳವಾಗಿ ವರ್ಷದಿಂದ ಮಾತಿಲ್ಲ. ಸಾಲದ್ದಕ್ಕೆ ಟಪಾಲು ಪುಸ್ತಕದಲ್ಲಿ ಅರ್ಜಿಯ ಎದುರು ಪಡೆದವರ ಸಹಿಯೂ ಇರಲಿಲ್ಲ. ಗುಮಾಸ್ತೆ ಅಳತೊಡಗಿದಳು.

"ಸಾಹೇಬರ ಮೇಜಿನ ಮೇಲೇ ಇಟ್ಟೆ ಮೇಡಂ. ಸಹಿ ಆಮೇಲೆ ಹಾಕ್ತೀನಿ ಅಂದ್ರು. ಜಗಳ ಕುರ್ಚಿದು, ಮಗು ನನಗೇನು ಮಾಡಿತ್ತು?"

ಇಡೀ ಕಚೇರಿ ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು. ಅಧಿಕಾರಿಗೂ ಅನುಮಾನ ಬಂದಿತ್ತು. ಆದರೂ ಫೈಲನ್ನು ಇನ್ನೊಮ್ಮೆ ತಿರುವಿಹಾಕಿದಳು. ಹತ್ತೊಂಬತ್ತು, ತನ್ನ ಪತ್ರ. ಹದಿನೆಂಟು, ವಿಳಾಸ ಬದಲಾವಣೆಯ ಚೀಟಿ. ಅದರ ಕೆಳಗೆ ಹದಿನಾರು.

* * *

ಮೂರು ಗಂಟೆಗೆ ಅಧಿಕಾರಿ ಕಚೇರಿಯ ನಿರ್ದೇಶಕರ ಎದುರೇ ಕೇಳಿದಳು.

"ಹದಿನೇಳು ಎಲ್ಲಿ?"

"ಎಣಿಕೆ ತಪ್ಪಿರಬಹುದು," ಅಂದ ಸೂಪರಿಂಟೆಂಡೆಂಟ್.

ಮೂವತ್ತು ವರ್ಷದ ಅವನ ಫೈಲುಗಳಿಂದ ಇಪ್ಪತ್ತು ತರಿಸಿ ಮೇಜಿನ ಮೇಲೆ ಹರಡಿದಳು. ಒಂದರಲ್ಲೂ ಒಂದು ಅಂಕೆ ತಪ್ಪಿರಲಿಲ್ಲ.

"ನಿಮ್ಮ ಕೈಗೆ ಕಾಗದ ಬಂದರೆ ಮೊದಲು ಅಂಕೆ, ಆಮೇಲೆ ಓದು. ಅರ್ಜಿಗೂ ಹದಿನೇಳು ಹಾಕಿಬಿಟ್ರಿ. ಓದಿದ ಮೇಲೆ ಹೊಟ್ಟೆ ಉರೀತು, ತೆಗೆದಿಟ್ರಿ. ಅಷ್ಟರಲ್ಲಿ ಹದಿನೆಂಟು ಸೇರಿತ್ತು. ಅಂಕೆ ತಿದ್ದೋಕೆ ನಿಮಗೆ ಕೈ ಬರಲಿಲ್ಲ. ಅಂಕೆ ಬಿದ್ದ ಕಾಗದ ಹರಿಯೋಕೂ ಬಂದಿರಲ್ಲ. ಡ್ರಾಯರ್ ತೆಗೀರಿ."

ಅವನು ಕದಲಲಿಲ್ಲ. ನಿರ್ದೇಶಕರೇ ಬೀಗದ ಕೈ ಕಿತ್ತುಕೊಂಡು ತೆಗೆದರು. ಅರ್ಜಿ ಅಡಿಯಲ್ಲಿತ್ತು, ಒಂದು ಮಡಿಕೆಯೂ ಇಲ್ಲದೆ. ಮೂಲೆಯಲ್ಲಿ ಕೆಂಪು ಹದಿನೇಳು.

ಆಗ ಅವನ ಬಾಯಿ ಬಿಚ್ಚಿತು. "ಹೆರದವಳಿಗೆ ಎಂಥ ರಜೆ? ನನ್ನ ಹೆಂಡತಿ ಮೂರು ಹೆತ್ತಳು. ನಾನು ಒಂದು ದಿನ ರಜೆ ಹಾಕಲಿಲ್ಲ."

"ಆ ಮೂವರನ್ನ ಕೇಳಿದ್ದೀರಾ, ಅದು ಹೇಗಿತ್ತು ಅಂತ?"

ಅವನು ತಲೆ ತಗ್ಗಿಸಿದ. ಅವಳಿಗೆ ಕರುಣೆ ಬರಲಿಲ್ಲ, ಬರಬೇಕೆಂದೂ ಅನಿಸಲಿಲ್ಲ. ಕಾಗದಕ್ಕೆ ಇಷ್ಟು ಮರ್ಯಾದೆ ಕೊಡುವ ಈ ಮನುಷ್ಯ ಒಂದು ಮಗುವನ್ನು ಬೀದಿಗೆ ತಳ್ಳಲು ಹೊರಟಿದ್ದನಲ್ಲ.

* * *

ಹತ್ತು ನಿಮಿಷ ಬಾಕಿ ಇರುವಾಗ ನಿರ್ದೇಶಕರು ಎರಡು ಆದೇಶಗಳಿಗೆ ಸಹಿ ಹಾಕಿದರು: ಒಂದು ರಜೆ, ಒಂದು ಅಮಾನತು. ಟಪಾಲು ಗುಮಾಸ್ತೆ ರಜೆಯ ಆದೇಶ ಹಿಡಿದು ಕಲ್ಯಾಣ ಕಚೇರಿಗೆ ತಾನೇ ಓಡಿದಳು. ನಾಲ್ಕಕ್ಕೆ ಮುಂಚೆ ತಲುಪಿತು ಎಂದು ಅಲ್ಲಿಂದ ಫೋನ್ ಬಂತು.

ಟೈಪಿಸ್ಟ್ ಕಣ್ಣೊರೆಸಿಕೊಂಡು ಬೆಂಚಿನ ಹತ್ತಿರ ಬಂದಳು. "ಬಾ ಪುಟ್ಟಿ, ಮನೆಗೆ ಹೋಗೋಣ."

ಮಗು ತಕ್ಷಣ ಎದ್ದು ನಿಂತಿತು. ಬೂಟು ಕಾಲಲ್ಲೇ ಇತ್ತು. ಚೀಲ ಹೆಗಲಿಗೇರಿಸಿಕೊಂಡು ಕೇಳಿತು:

"ಈ ಸಲ ಯಾರ ಮನೆಗೆ?"