ಮಧ್ಯಾಹ್ನ ಬರುವ ಸುಂಕಪ್ಪ

“ಉಂಬಾಕ ಕರದು, ಮಜ್ಜಿಗಿಗೆ ಮೊದ್ಲ ಎಲಿ ಎತ್ತೋ ಮನಿತನ ಲೇ ನಿಂದು, ಚನ್ನಯ್ಯ.”

ಕಂಪ್ಲಿ ರೈಸ್ ಮಿಲ್ಲಿನ ಸಾವುಕಾರ ಕೊಟ್ರಬಸಪ್ಪ ಬೆಂಚಿನಿಂದ ಎದ್ದು ಹೀಗೆ ಬೈದಾಗ ಹೊಸಪೇಟೆಯ ಡೇರೆ ಟಾಕೀಸಿನ ತುಂಬ ಜನವಿತ್ತು. ಡೇರೆಯ ಮಾಲೀಕ ಚನ್ನಯ್ಯ ಕೈಮುಗಿದು ನಿಂತಿದ್ದ. ಮದರಾಸಿನಿಂದ ಬಂದ ತೆಲುಗು ಟಾಕಿ ಅದು. ನಿನ್ನ ಜೊತೆಗಿದ್ದವನು ಯಾರು ಅಂತ ಜಡ್ಜಿ ಕಳ್ಳನನ್ನು ಕೇಳುತ್ತಾನೆ. ಕಳ್ಳ ಬಾಯಿ ಬಿಡುವುದಿಲ್ಲ. ಕೊನೆಯ ರೀಲಿನಲ್ಲಿ ಅವನಿಗೆ ಗಲ್ಲು. ಬುಧವಾರದಿಂದ ಆ ರೀಲೇ ಇರಲಿಲ್ಲ. ಅದರ ಡಬ್ಬಿಯಲ್ಲಿ ಹಸಿ ಕೆಸರು ತುಂಬಿತ್ತು. ಮೂರು ಸಲ ಆ ಗಲ್ಲು ನೋಡಿದ್ದ ಕೊಟ್ರಬಸಪ್ಪ ಇನ್ನೊಮ್ಮೆ ನೋಡಲು ಕಂಪ್ಲಿಯಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದ. ಹೊಟ್ಟೆ ತುಂಬಿದವರಿಗೆ ಇಂಥ ಹಸಿವೂ ಇರುತ್ತದೆ.

ಮರುದಿನ, ೧೯೪೧ರ ಏಪ್ರಿಲ್ ೬ರ ಭಾನುವಾರ, ಚನ್ನಯ್ಯ ಠಾಣೆಗೆ ಬಂದು ದೂರು ಕೊಟ್ಟ. ಇನ್‌ಸ್ಪೆಕ್ಟರ್ ಜಂಬಯ್ಯ ಎಫ್‌ಐಆರ್ ಬರೆಸಿ, ಡೇರೆಗೆ ಹೋಗಿ ಪಂಚರ ಎದುರು ಪಂಚನಾಮೆ ಮಾಡಿಸಿದ. ರೀಲುಗಳ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಟಿಕೇಟಿನ ದುಡ್ಡು ಇದ್ದಲ್ಲೇ ಇತ್ತು. ಡಬ್ಬಿ ಎತ್ತಿದರೆ ಹಗುರವೆನಿಸಿ ಅನುಮಾನ ಬಾರದಿರಲೆಂದು ಕೆಸರು ತುಂಬಿದ್ದಾರೆ, ಅಂದರೆ ಒಳಗಿನವರದೇ ಕೆಲಸ. ಜಂಬಯ್ಯ ಆ ಕೆಸರನ್ನು ಬೆರಳಲ್ಲಿ ತೀಡಿ ನೋಡಿದ. ಊರಿನ ಕೆಂಪು ಮಣ್ಣಲ್ಲ. ಕಪ್ಪು ಹೂಳು, ಪಾಚಿಯ ನಾತ, ನಡುನಡುವೆ ಬಸವನಹುಳದ ಚಿಪ್ಪು.

ಆಳುಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿದ. ಕೊನೆಗೆ ಬಂದವನು ಬಾಗಿಲು ಕಾಯುವ ಹುಲುಗಪ್ಪ.

“ಎಲ್ಲ್ಯಾವ?”

“ಕಂಪ್ಲಿಯಾವ್ರಿ.”

“ಮೊದ್ಲು ಏನ್ ಮಾಡ್ತಿದ್ದಿ?”

“ಮೂಟಿ ಹೊರ್ತಿದ್ನಿರಿ.”

“ಯಾರ ಕಡೆ?”

“ಕೊಟ್ರಬಸಪ್ಪ ಸಾವ್ಕಾರ್ರ ಮಿಲ್ಲಿನ್ಯಾಗ.”

ಸಂಜೆ ಕಾನ್‌ಸ್ಟೇಬಲ್ ಪಂಪಣ್ಣ ಪಕ್ಕದ ಹಳ್ಳಿ ಮಲಪನಗುಡಿಯಿಂದ ಒಂದು ಸುದ್ದಿ ತಂದ. ಹೇಳಲು ಅವನಿಗೇ ನಾಚಿಕೆ. ಪರದೆಯ ಮೇಲೆ ಗಲ್ಲಾಗದ ಕಳ್ಳ ಕೆಳಗಿಳಿದು ತಿರುಗುತ್ತಿದ್ದಾನಂತೆ. ಮಟಮಟ ಮಧ್ಯಾಹ್ನ, ನೆರಳು ಕಾಲಡಿಗೆ ಸರಿದಾಗ, ಊರ ಹಳೇ ಬಾವಿಯ ಮೆಟ್ಟಿಲೊಳಗಿಂದ ಮೇಲೆ ಬರುತ್ತಾನಂತೆ. ಮುಖದ ತುಂಬ ಟವಲು. ಕೂಗಿದರೆ ತಿರುಗುವುದಿಲ್ಲ. ಹೆಂಗಸರು ನೀರಿಗೆ ಹೋಗುವುದನ್ನೇ ಬಿಟ್ಟಿದ್ದರು.

ಜಂಬಯ್ಯ ನಗಲಿಲ್ಲ. ಬಾವಿ ಎಂದ ಮೇಲೆ ಹೂಳು ಇರುತ್ತದೆ.

ಸೋಮವಾರ ಮಧ್ಯಾಹ್ನ ಇಬ್ಬರೂ ಆ ಬಾವಿಗೆ ಇಳಿದರು. ಅದೇ ಕಪ್ಪು ಹೂಳು, ಅದೇ ಚಿಪ್ಪು. ಮೇಲೆ ಬಿಸಿಲಿನಲ್ಲಿ ಒಂದು ನಾಯಿಯೂ ಇರಲಿಲ್ಲ. ಆದರೆ ಮೆಟ್ಟಿಲ ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು, ನೋಡುನೋಡುತ್ತ ಆರುತ್ತಿದ್ದವು. ಅವು ಆರುವ ಮೊದಲೇ ಹಿಂಬಾಲಿಸಿದರು. ಊರ ಕೊನೆಯ ಗುಡಿಸಲು ಸಿಕ್ಕಿತು. ಬಾಗಿಲಲ್ಲಿ ತುಂಬಿದ ಕೊಡ, ಒಳಗೆ ಕಣ್ಣಿಲ್ಲದ ಮುದುಕಿ ಹೊನ್ನೂರಮ್ಮ.

ಪಂಪಣ್ಣನಿಗೆ ಗುರುತು ಹತ್ತಿತು. ಈಕೆಯ ಮಗ ಸುಂಕಪ್ಪನನ್ನು ಬಳ್ಳಾರಿ ಜೈಲಿನಲ್ಲಿ ಗಲ್ಲಿಗೆ ಹಾಕಿ ವರ್ಷಗಳಾಗಿದ್ದವು. ಕೊಟ್ರಬಸಪ್ಪನ ಮಿಲ್ಲಿನ ದರೋಡೆ, ಕಾವಲುಗಾರನ ಕೊಲೆ. ಮಾಡಿದವರು ಇಬ್ಬರು. ಎರಡನೆಯವನ ಹೆಸರನ್ನು ಸುಂಕಪ್ಪ ಕೊನೆಯವರೆಗೂ ಹೇಳಲಿಲ್ಲ.

“ನೀರು ಯಾರು ತಂದಿಟ್ರು, ಅವ್ವಾ?” ಜಂಬಯ್ಯ ಕೇಳಿದ.

“ನನ ಮಗ. ಬುಧವಾರದಿಂದ ಬರಾಕತ್ಯಾನ.”

“ಮೊದ್ಲು ಬರ್ತಿದ್ದಿಲ್ಲೇನು?”

“ಹೆಂಗ ಬಂದಾನಪ್ಪ? ದಿನಾ ಸಂಜಿಕ ಡೇರೇದಾಗ ಗಲ್ಲಿಗಾಕತಿದ್ರು. ಹೊರಗ ನಿಂತು ನಾನ ಕೇಳೇನಿ. ಜೊತಿಗಿದ್ದಾವ ಯಾರು ಅಂತಾರ, ಇಂವ ಹೇಳಂಗಿಲ್ಲ. ಆಮ್ಯಾಲೆ ಹಗ್ಗದ ಸಪ್ಪಳ. ಈಗ ಬಿಟ್ಟಾರ.”

“ಮಾತಾಡ್ತಾನೇನು?”

“ಹಗ್ಗ ಕುತ್ತಿಗಿ ಹಿಸುಕೇತಲ್ಲ. ದನಿ ಬರಂಗಿಲ್ಲ.”

ಪಂಪಣ್ಣ ಕುಡಿಯಲು ಎತ್ತಿದ್ದ ಚೊಂಬನ್ನು ಹಾಗೇ ಕೆಳಗಿಟ್ಟ.

ಆಗ ಮುಖಕ್ಕೆ ಟವಲು ಸುತ್ತಿದ ಒಬ್ಬ ಹಿತ್ತಲ ದಾರಿಯಿಂದ ಇನ್ನೊಂದು ಕೊಡ ಹೊತ್ತು ಬಂದ. ಪೊಲೀಸರನ್ನು ಕಂಡು ನಿಂತ. ಓಡಲಿಲ್ಲ. ಕೊಡವನ್ನು ಸದ್ದಾಗದಂತೆ ಇಳಿಸಿ, ಟವಲು ತೆಗೆದು, ಎರಡೂ ಕೈ ಮುಂದೆ ಚಾಚಿದ. ಹುಲುಗಪ್ಪ. ರೀಲು ಬಾವಿಯೊಳಗಿನ ಗೂಡಿನಲ್ಲಿ ಗೋಣಿಚೀಲದಲ್ಲಿತ್ತು. ಅವನೇ ಕೈ ತೋರಿಸಿದ. ಪಂಚರ ಮುಂದೆ ಜಪ್ತಿಯಾಯಿತು.

ಹುಲುಗಪ್ಪನನ್ನು ಗಲ್ಲಿನಿಂದ ಉಳಿಸಿದ್ದು ಗೆಳೆಯ ಸುಂಕಪ್ಪನ ಬಾಯಿ. ಅದು ತೆರೆಯಲಿಲ್ಲ, ಅಷ್ಟೇ. ಡೇರೆಯ ಬಾಗಿಲಲ್ಲಿ ನಿಂತು ಅವನು ಅದನ್ನೇ ಸಂಜೆಸಂಜೆ ಕೇಳಬೇಕಿತ್ತು. ಬಟ್ಟೆಯಾಚೆ ಆ ಮುದುಕಿ ಕೋಲೂರಿ ನಿಂತು ನಡುಗುವುದನ್ನು ನೋಡಬೇಕಿತ್ತು. ಒಳಗೆ ಕುಂತ ಮಂದಿ ಹೆಸರು ಹೇಳದ ಕಳ್ಳನಿಗೆ ಭೇಷ್ ಅನ್ನುತ್ತಿದ್ದರು, ಅವನನ್ನು ನೇತುಹಾಕಿದಾಗ ಸೀಟಿ ಹೊಡೆಯುತ್ತಿದ್ದರು. ಎರಡೂ ಅದೇ ಬಾಯಿ.

ರೀಲಿನ ಕಳವಿಗೆ ಕೆಲವು ತಿಂಗಳ ಸಜೆ. ಆದರೆ ಯಾಕೆ ಕದ್ದೆ ಎಂಬುದನ್ನು ಹೇಳಿದರೆ ಕಂಪ್ಲಿಯ ಕೇಸು ಎದ್ದು ಕೂರುತ್ತದೆ. ಅದಕ್ಕೆ ಹಗ್ಗ. ಇದು ಹುಲುಗಪ್ಪನಿಗೂ ಇನ್‌ಸ್ಪೆಕ್ಟರಿಗೂ ಗೊತ್ತಿತ್ತು. ಬೇಡಿ ಹಾಕಿಸಿ ಜಂಬಯ್ಯ ಅಂಗಳದಲ್ಲಿ ನಿಂತು ಕೇಳಿದ.

“ಅವತ್ತು ಮಿಲ್ಲಿನ್ಯಾಗ ಸುಂಕಪ್ಪನ ಜೊತಿಗಿದ್ದಾವ ಯಾರು?”

ಹುಲುಗಪ್ಪ ತಲೆ ಎತ್ತಿದ. ಹೊತ್ತು ಹೊತ್ತು ಸಾಕಾದವನು ಮೂಟೆ ಇಳಿಸುವಾಗ ಹೇಗೋ, ಹಾಗೆ ಬಾಯಿ ತೆರೆದ.

ಗುಡಿಸಲೊಳಗಿಂದ ಹೊನ್ನೂರಮ್ಮನ ದನಿ ಬಂತು. “ಸುಂಕಾ, ನಾಳಿಗೂ ಬರ್ತೀಯಲ್ಲಪ್ಪ?”

ತೆರೆದ ಬಾಯಿ ಮುಚ್ಚಿತು. ಅವನು ಇನ್‌ಸ್ಪೆಕ್ಟರನ್ನೂ ನೋಡಲಿಲ್ಲ, ಗುಡಿಸಲನ್ನೂ ನೋಡಲಿಲ್ಲ. ಹೊಸಪೇಟೆಯ ದಾರಿ ಹಿಡಿದು, ನೆರಳಿಲ್ಲದ ಬಿಸಿಲಿನಲ್ಲಿ, ಪೊಲೀಸರಿಗಿಂತ ಮುಂದೆ ನಡೆದುಹೋದ.