ತಿಂಗಳು ಮೊದಲು, ದಿನ ಆಮೇಲೆ

"ಯಾರ್ರೀ ನನ್ನ ಕಂಪ್ಯೂಟರ್ ಕೆಡಿಸಿದ್ದು?!"

ಜಮಖಂಡಿಯ ಆ ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವಳಿಗೆ ಬನಹಟ್ಟಿಯಿಂದ ತಾನು ಬರುವ ಬಸ್ಸು ತಡವಾದ ಸಿಟ್ಟು ಬೇರೆ... ರಿಸೆಪ್ಶನ್ ನೋಡಿಕೊಳ್ಳುವ ಅನುರಾಧಾ ಪರದೆಯನ್ನೇ ದಿಟ್ಟಿಸುತ್ತಿದ್ದಳು. ನಿನ್ನೆ ಇಂಗ್ಲಿಷಿನಲ್ಲಿದ್ದದ್ದೆಲ್ಲ ಇವತ್ತು ಕನ್ನಡ!

ಮೇಜಿನ ಕೆಳಗಿನಿಂದ ಯುವಕನೊಬ್ಬ ತಲೆ ಎತ್ತಿದ. ಕೈಯಲ್ಲಿ ವೈರು, ಮೂಗಿನ ಮೇಲೆ ಧೂಳು.

"ಕೆಡಿಸಿಲ್ರಿ, ಕನ್ನಡ ಮಾಡೇನಿ. ಪೇಶಂಟ್‌ಗೆ ಕೊಡೋ ಚೀಟಿ ಕನ್ನಡದಾಗ ಬರಬೇಕಂತ ಡಾಕ್ಟರ್ ಹೇಳಿದ್ರು."

"ಈಗ ಸೇವ್ ಎಲ್ಲೈತಿ, ಪ್ರಿಂಟ್ ಎಲ್ಲೈತಿ ಅಂತ ಹುಡಕ್ಕೋಂತ ಕುಂದ್ರಲ್ಯಾ?"

"ಉಳಿಸು ಅಂತ ಐತಲ್ರಿ, ಅದ ಸೇವ್. ಮುದ್ರಿಸು ಅಂದ್ರ ಪ್ರಿಂಟ್. ಭಾಷೆ ಕನ್ನಡ, ಪ್ರದೇಶ ಭಾರತ. ತಾರೀಖಿನ್ಯಾಗ ಮೊದಲ ದಿನ, ಆಮ್ಯಾಲ ತಿಂಗಳ. ನಮ್ಮ ಮಂದಿ ಓದೋ ಹಂಗ."

ಹೇಳಿ ನಕ್ಕ. ಆ ನಗು ನೋಡಿ ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನ ಹೆಸರು ಕಲ್ಮೇಶ. ಊರು ಹಿಪ್ಪರಗಿ. ಜಮಖಂಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ.

ಆಮೇಲೆ ಆಸ್ಪತ್ರೆಯ ಮೌಸು ಪದೇ ಪದೇ ಕೆಡತೊಡಗಿತು! ಅವನು ಬರುವುದು, ಅದನ್ನು ಒರೆಸಿ ಕೊಡುವುದು, ಇಬ್ಬರೂ ಚಹಾ ಕುಡಿಯುವುದು... ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನೇ ಬಾಯಿಬಿಟ್ಟ.

"ಮೌಸ್ ಕೆಟ್ಟಿಲ್ಲ ಅಂತ ನನಗ ಮೊದಲ ದಿನಾನ ಗೊತ್ತಿತ್ತ, ಅನು."

"ಮತ್ಯಾಕ ಬರ್ತಿದ್ರಿ?"

"ನೀ ಯಾಕ ಕರೀತಿದ್ದಿ?"

ಇಬ್ಬರೂ ನೆಲ ನೋಡಿ ನಕ್ಕರು.

ಕಲ್ಮೇಶನ ತಾಯಿ ಗುರುಬಸವ್ವನಿಗೆ ಸಕ್ಕರೆ ಕಾಯಿಲೆ, ಕಣ್ಣು ಮಂಜು. ಏಪ್ರಿಲ್‌ನಲ್ಲಿ ಅವಳನ್ನೂ ಅದೇ ಆಸ್ಪತ್ರೆಗೆ ಕರೆತಂದ. ಗುರುಬಸವ್ವ ಅನುರಾಧಾಳ ಕೈ ಸವರಿ, "ಮನ್ಯಾಗ ಬರೇ ನಿನ್ನ ಸುದ್ದೀನ ಹೇಳ್ತಾನವ್ವಾ ಇಂವಾ," ಎಂದಾಗ ಅವಳ ಮುಖ ಕೆಂಪಾಯಿತು.

ಕಣ್ಣಿಗೆ ಇಂಜೆಕ್ಷನ್ ಕೊಡುವ ದೊಡ್ಡ ಡಾಕ್ಟರ್ ಬೆಳಗಾವಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಮುಂದಿನ ಭೇಟಿ ಮೇ ಆರಕ್ಕೆ. ಅನುರಾಧಾ ಗುಂಡಿ ಒತ್ತಿದಳು, ಚೀಟಿ ಬಂತು. ಅದನ್ನು ಓದಿ ನೋಡದೆ ಗುರುಬಸವ್ವನ ಕೈಗಿಟ್ಟಳು.

ಮೇ ಆರರಂದು ರಬಕವಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅವಳು ರಜೆಯಲ್ಲಿದ್ದಳು. ಯಾರು ಬಂದರು, ಯಾರು ಬರಲಿಲ್ಲ... ಕೇಳುವ ನೆನಪಾಗಲಿಲ್ಲ.

ಜೂನ್ ಐದರಂದು ಕಲ್ಮೇಶ ತಾಯಿಯ ಕೈ ಹಿಡಿದು ಒಳಗೆ ಬಂದ.

"ಇವತ್ತ ಇಂಜೆಕ್ಷನ್ ಐತಲ್ಲ?"

ಅನುರಾಧಾ ಚೀಟಿ ಕಸಿದುಕೊಂಡು ನೋಡಿದಳು. ಮೇ ಆರು ಎಂಬುದು 05/06 ಎಂದು ಅಚ್ಚಾಗಿತ್ತು. ತಿಂಗಳು ಮೊದಲು, ದಿನ ಆಮೇಲೆ! ಕಲ್ಮೇಶ ಅದನ್ನು ಜೂನ್ ಐದು ಎಂದು ಓದಿದ್ದ.

ಆಸ್ಪತ್ರೆಯ ಡಾಕ್ಟರ್ ಪರೀಕ್ಷಿಸಿ ತಲೆಯಾಡಿಸಿದರು. ಎಡಗಣ್ಣಿನ ಒಳಗೆ ರಕ್ತ ಸೋರಿ ನರ ಹಾಳಾಗಿತ್ತು. ಹೋದ ತಿಂಗಳೇ ಬಂದಿದ್ದರೆ ಉಳಿಯುತ್ತಿತ್ತೇನೋ... ಡಾಕ್ಟರ್ ಹೊರಗೆ ಬಂದವರೇ ಅನುರಾಧಾಳ ಮೇಲೆ ಕೂಗಾಡಿದರು.

ಹೆದರಿಕೆ ಅವಳ ಬಾಯಿಂದ ಏನೇನೋ ಆಡಿಸಿತು.

"ಸರ್, ಇದನ್ನ ಸೆಟ್ ಮಾಡಿದ್ದು ನಾನಲ್ರಿ, ಇವರು!" ಕಲ್ಮೇಶನ ಕಡೆ ತಿರುಗಿದಳು. "ಸರಿಯಾಗಿ ಬರೂದಿಲ್ಲಂದ್ರ ಯಾಕ ಮುಟ್ಟಬೇಕಾಗಿತ್ರಿ? ಹಡದ ತಾಯಿ ಕಣ್ಣ ಕಳದ್ರಲ್ಲ!"

ಕಲ್ಮೇಶ ಕಂಪ್ಯೂಟರ್ ಮುಂದೆ ಕೂತ. ಪ್ರದೇಶ ಅಮೆರಿಕ ಎಂದಿತ್ತು.

"ಮಾರ್ಚ್‌ನ್ಯಾಗ ಕಂಪ್ಯೂಟರ್ ಕೆಟ್ಟಾಗ ಎಲ್ಲಾ ಹೊಸದಾಗಿ ಹಾಕಿದ್ನಲ್ಲ... ಆವಾಗ ಭಾರತ ಮಾಡೂದು ನಾನ ಮರತಿರಬೇಕು," ಎಂದ ಮೆಲ್ಲಗೆ. ಭಾರತ ಎಂದು ಬದಲಿಸಿದ. ತಾಯಿಯ ಕೈ ಹಿಡಿದು ಹೊರಟುಹೋದ.

ಅಂಗಡಿ ಮುಚ್ಚಿ ಹಿಪ್ಪರಗಿಯಲ್ಲಿ ಕಬ್ಬಿನ ಹೊಲ ಸೇರಿದನೆಂದು ಆಮೇಲೆ ಕೇಳಿದಳು. ಫೋನ್ ಮಾಡಿದರೆ ಎತ್ತಲಿಲ್ಲ.

'ತಪ್ಪು ಅವರದೇ ಇರಬಹುದು. ಆದರೂ ಅಂಥ ಮಾತು ಆಡಬಾರದಿತ್ತು...' ಆ ಮಾತು ಅವಳನ್ನು ವರ್ಷವಿಡೀ ಚುಚ್ಚಿತು.

ಮರುವರ್ಷ ಕಣ್ಣಿನ ಸ್ಕ್ಯಾನ್ ಮಷೀನಿನ ಪ್ರೋಗ್ರಾಂ ತೆರೆಯದೆ ಕೂತಿತು. ಆ ಮಷೀನಿನ ಕಂಪನಿಯಿಂದ ಅಮೋಲ ಎಂಬುವನು ಬಂದು ನೋಡಿದ.

"ಮೇಡಂ, ಹೋದ ವರ್ಷಾನೂ ಇದ ಆಗಿತ್ತಲ್ರಿ? ನಾ ಫೋನಿನ್ಯಾಗ ಹೇಳಿದ್ದೆ. ರೀಜನ್ ಅಂದ್ರ ಪ್ರದೇಶ, ಅದನ್ನ ಅಮೆರಿಕ ಮಾಡ್ರಿ, ರಿಪೋರ್ಟ್ ತಗದ ಮ್ಯಾಲ ನೆನಪಿಲೆ ವಾಪಸ್ ಇಂಡಿಯಾ ಮಾಡ್ರಿ ಅಂತ. ನೀವ ಮಾಡಿದ್ರಿ."



ಹೌದು... ಏಪ್ರಿಲ್‌ನ ಒಂದು ಗದ್ದಲದ ಮಧ್ಯಾಹ್ನ. ಕಿವಿಯಲ್ಲಿ ಫೋನು, ಎದುರಿಗೆ ಸಾಲುಗಟ್ಟಿದ ಪೇಶಂಟುಗಳು. ಅವಳೇ ಬದಲಿಸಿದ್ದಳು. ವಾಪಸ್ ಮಾಡುವುದನ್ನು ಮರೆತಿದ್ದಳು!

'ಅಯ್ಯೋ ದೇವರೇ... ನಾನೇ!'

ಒಳಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದಳು. ಅವರ ಉತ್ತರಕ್ಕೂ ಕಾಯದೆ ಹಿಪ್ಪರಗಿಯ ಬಸ್ಸು ಹತ್ತಿದಳು.

ಕಲ್ಮೇಶ ಹೊಲದಲ್ಲಿ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ. ಸೊರಗಿದ್ದ.

"ತಪ್ಪ ನಿಮ್ಮದಲ್ರಿ. ನಂದು..." ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು.



"ಒಂದ ವರ್ಷ ಅವ್ವನ ಮುಖಾ ನೋಡಾಕ ಆಗಿಲ್ಲ ನನಗ. ಗೊತ್ತೈತೇನ ನಿನಗ?" ಮನೆಯ ಕಡೆ ಕೈ ತೋರಿಸಿದ. "ನನಗಲ್ಲ, ಹೋಗಿ ಅವ್ವಗ ಹೇಳು."

ಗುರುಬಸವ್ವ ಪಡಸಾಲೆಯಲ್ಲಿ ಕೂತಿದ್ದಳು. ಅನುರಾಧಾ ಅವಳ ಕಾಲು ಹಿಡಿದು, ಒಂದನ್ನೂ ಮುಚ್ಚಿಡದೆ ಹೇಳಿದಳು. ಮುದುಕಿಯ ಕೈ ಒಮ್ಮೆ ಹಿಂದೆ ಸರಿಯಿತು.

"ಹೋದ ಕಣ್ಣ ಬರಾಂಗಿಲ್ಲ ತಂಗಿ. ಭಾಳ ಅತ್ತೇನಿ. ಸಿಟ್ಟ ಇಲ್ಲ ಅಂದ್ರ ಸುಳ್ಳಾದೀತು." ಮತ್ತೆ ಅಂದಳು. "ಆದ್ರ ಇಂವಾ ತಾನ ಮಾಡಿದ್ದು ಅನಕೊಂಡು ನನ್ನ ಜೋಡಿ ಮಾತ ಬಿಟ್ಟಿದ್ದ ನೋಡು... ಅದು ಕಣ್ಣಿಗಿಂತ ಹೆಚ್ಚ ಸುಡತಿತ್ತು. ನೀ ಬಂದ ಹೇಳಿದಿ. ಛಲೋ ಆತು."

ಬಾಗಿಲಲ್ಲಿ ನಿಂತಿದ್ದ ಕಲ್ಮೇಶ ಬಂದು ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಸಣ್ಣ ಮಗುವಿನಂತೆ ಅತ್ತ. ಅನುರಾಧಾ ಎದ್ದು ಹೊರಗೆ ನಡೆದಳು. ಅಲ್ಲಿ ನಿಲ್ಲುವ ಹಕ್ಕು ತನಗಿಲ್ಲ ಅನಿಸಿತು.

ರಸ್ತೆಯವರೆಗೂ ಅವನು ಹಿಂದೆ ಬಂದ.

"ಬಲಗಣ್ಣೂ ತೋರಸಬೇಕಂದಾರ. ಹೆದರಿಕ್ಯಾಗಿ ಕರಕೊಂಡ ಹೋಗಿಲ್ಲ ನಾ."

"ನಾನೂ ಜೋಡಿ ಬರ್ತೇನ್ರಿ. ಬ್ಯಾಡ ಅಂದ್ರೂ ಬರ್ತೇನಿ."

"ನನ್ನ ಸಿಟ್ಟೂ ಇನ್ನ ಹೋಗಿಲ್ಲ, ಅನು."

"ಹೋಗೂತನಕಾ ಬೈಯ್ರಿ. ಎದುರಿಗೆ ಕುಂತ ಕೇಳ್ತೇನಿ."

ಅವನು ಅವಳ ಕಣ್ಣೀರು ಒರೆಸಲು ಕೈ ಎತ್ತಿದ. ಮಣ್ಣಾಗಿದ್ದ ಕೈ ನೋಡಿ ಹಿಂಜರಿದ. ಅವಳೇ ಆ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ಬರೇ ಬೈಯೂದಿದ್ರ ಇಷ್ಟ ದಿನಾ ನಿನ್ನ ನೆನಸ್ತಿದ್ನೇನ, ಹುಚ್ಚಿ?"