ಹೊಸ್ತಿಲಲ್ಲಿ ತಪ್ಪಿದ ನಡೆಗವಚ

ನೀಲವ್ವ ಗದಗಿನ ತಮ್ಮ ಓಣಿಯಲ್ಲಿ ಕಾಯಿಪಲ್ಲೆ ಚೀಲ ಹಿಡಿದು, ಎದುರು ಸಿಕ್ಕವರನ್ನೆಲ್ಲ ಮಾತಾಡಿಸುತ್ತ ನಡೆದು ಬರುತ್ತಿದ್ದರು. ಬಸ್ ಕಂಡಕ್ಟರಾಗಿದ್ದ ಅವರಿಗೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಈಗ ಅವರನ್ನು ನಡೆಸುತ್ತಿದ್ದುದು ನಡೆಗವಚ. ಸೊಂಟ, ಮೊಣಕಾಲು, ಪಾದಗಳನ್ನು ಅಪ್ಪಿಕೊಳ್ಳುವ ಈ ಹಗುರ ಚೌಕಟ್ಟು, ಮಿದುಳಿನ ಆಜ್ಞೆಯನ್ನು ತಲೆಪಟ್ಟಿಯ ಮೂಲಕ ಓದಿ ಕಾಲನ್ನು ಎತ್ತಿಡುತ್ತಿತ್ತು. 2061ರ ಹೊತ್ತಿಗೆ ಸಾವಿರಾರು ಜನ ಅದನ್ನು ತೊಟ್ಟು ಕೆಲಸಕ್ಕೆ ಹೋಗುತ್ತಿದ್ದರು.

ಆದರೆ ನೀಲವ್ವ ಎರಡು ಸಲ ಬಿದ್ದಿದ್ದರು, ಎರಡೂ ಸಲ ಮನೆಯ ಬಾಗಿಲಲ್ಲೇ. ಕವಚವನ್ನು ರೂಪಿಸಿದ ಡಾ. ಶಾಂಭವಿ ಅದನ್ನು ಪ್ರಯೋಗಾಲಯದಲ್ಲಿ ದಿನಗಟ್ಟಲೆ ನಡೆಸಿ ನೋಡಿ, ಕುಂದು ಕಾಣದೆ, ತೊಟ್ಟವರ ಅಜಾಗರೂಕತೆ ಎಂದು ತೀರ್ಪು ಕೊಟ್ಟಿದ್ದರು. ಅಜಾಗರೂಕರ ಬಳಿ ಕವಚ ಬಿಡುವಂತಿಲ್ಲ, ನಿಯಮ ಹಾಗಿತ್ತು. ಅದನ್ನು ವಾಪಸು ಒಯ್ಯಲೆಂದೇ ಅವರು ಅಂದು ಬಂದು ನೀಲವ್ವನ ಮನೆಯ ಕಟ್ಟೆಯ ಮೇಲೆ ಕಾದು ಕೂತಿದ್ದರು. ಕವಚ ಹೋದರೆ ನೀಲವ್ವ ಮತ್ತೆ ಹಾಸಿಗೆ ಹಿಡಿಯಬೇಕು.

"ಬರ್ರಿ ಮೇಡಂ, ಚಾ ಕುಡದು ಆಮ್ಯಾಲ ಒಯ್ಯೀರಂತ," ಎಂದರು ನೀಲವ್ವ. "ನಿಮ್ಮ ಮಷೀನಿಂದೇನೂ ತಪ್ಪಿಲ್ರಿ. ನನಗ ನೋಡಿ ನಡ್ಯಾಕ ಬರಂಗಿಲ್ಲ. ಮಗಳೂ ಅದನ್ನ ಅಂತಾಳ."

ಶಾಂಭವಿ ಎದ್ದು ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಪಕ್ಕದಲ್ಲಿ ನೀಲವ್ವ ಬಾಗಿಲ ಚೌಕಟ್ಟು ಹಿಡಿದು, ನಿಂತಲ್ಲೇ ಬಗ್ಗಿ, ಕವಚದ ಪಾದದ ತಟ್ಟೆಯ ಕೊಂಡಿಗೆ ಕೈ ಹಾಕಿದರು. ತೊಳೆಯಲು ಅನುಕೂಲವಾಗಲೆಂದು ಆ ತಟ್ಟೆಯನ್ನು ಬೇರ್ಪಡಿಸುವಂತೆ ಮಾಡಿದ್ದರು.

"ಅದ್ಯಾಕೆ ಬಿಚ್ತಿದ್ದೀರಿ?"

"ಓಣ್ಯಾಗಿನ ಹೊಲಸೆಲ್ಲಾ ತುಳದ ಬಂದೈತಲ್ರಿ. ಒಳಗ ದೇವರ ಜಗಲಿ ಐತಿ. ತಟ್ಟಿ ಇಲ್ದನೂ ನಾಕ ಹೆಜ್ಜಿ ನಡಸ್ತೈತ್ರಿ ಇದು."

ಶಾಂಭವಿ ತಟ್ಟನೆ ಅವರ ಕೈ ಹಿಡಿದು ತಡೆದು, ಕಟ್ಟೆಯ ಮೇಲೆ ಕೂರಿಸಿದರು. ಕೈಗಣಕ ತೆರೆದು, ನಿಂತಿರುವಾಗಲೇ ತಟ್ಟೆ ಬಿಚ್ಚಿದರೆ ಏನಾಗುತ್ತದೆಂದು ತಾವೇ ಬರೆದ ಪ್ರೋಗ್ರಾಮಿನಲ್ಲಿ ಓದಿದರು.

ಗಣಕದ ಮೆಮರಿಯಲ್ಲಿ ಜಾಗ ಅಪರಿಮಿತವಲ್ಲ. ಕವಚದ ಪ್ರತಿ ಭಾಗವೂ ಬೇಕಾದಷ್ಟು ಜಾಗ ಪಡೆದು, ಕೆಲಸ ಮುಗಿದಾಗ ಬಿಟ್ಟುಕೊಡಬೇಕು. ಸಮತೋಲದ ಲೆಕ್ಕವಿದ್ದದ್ದು ಪಾದದ ಭಾಗ ಪಡೆದಿದ್ದ ಜಾಗದಲ್ಲಿ, ಅದನ್ನು ನೋಡಿಯೇ ಮೊಣಕಾಲು ಬಾಗುತ್ತಿತ್ತು. ಹಾಗಾಗಿ ತಟ್ಟೆ ಕಳಚಿದಾಗ ಮೊದಲು ಮೊಣಕಾಲಿಗೆ ಬೇರೆ ಲೆಕ್ಕ ಒದಗಿಸಿ, ಆಮೇಲೆ ಪಾದದ ಜಾಗ ಬಿಡಬೇಕು. ಶಾಂಭವಿ ಬರೆದದ್ದು ತಿರುವುಮುರುವು. ಪಾದದ ಜಾಗ ಮೊದಲೇ ಬೇರೆ ಭಾಗಗಳಿಗೆ ತೆರೆದುಬಿಡುತ್ತಿತ್ತು. ಮೊಣಕಾಲು ಅಲ್ಲಿ ಇಣುಕಿದಾಗ ಬಹಳ ಸಲ ಹಳೆಯ ಲೆಕ್ಕವೇ ಅಳಿಯದೆ ಉಳಿದಿರುತ್ತಿತ್ತು, ಅದೃಷ್ಟಕ್ಕೆ ಹೆಜ್ಜೆ ಬೀಳುತ್ತಿತ್ತು. ಎಲ್ಲೋ ಒಮ್ಮೆ ಅಲ್ಲಿ ಬೇರೆ ಅಂಕಿ ಬಂದು ಕೂತಿದ್ದರೆ ಕವಚ ದಿಕ್ಕೆಟ್ಟು ಸ್ಥಗಿತವಾಗುತ್ತಿತ್ತು, ತೊಟ್ಟವರು ಬೀಳುತ್ತಿದ್ದರು.

ಪ್ರಯೋಗಾಲಯದಲ್ಲಿ ತೊಟ್ಟವರನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕಾಲಿನ ಯಂತ್ರ ನಿಲ್ಲಿಸಿದ ಮೇಲಷ್ಟೇ ತಟ್ಟೆ ಬಿಚ್ಚುತ್ತಿದ್ದರು. ಹುಟ್ಟಿದಾಗಿನಿಂದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬೆಳೆದ ಈ ವಿಜ್ಞಾನಿಗೆ, ಕಾಲಿಗೆ ಯಂತ್ರ ಕಟ್ಟಿಕೊಂಡವರೂ ಹಾಗೇ ಮಾಡುತ್ತಾರೆಂಬ ಸಣ್ಣ ಮಾತು ಹೊಳೆದಿರಲಿಲ್ಲ. ನಾಚಿಕೆಯಿಂದ ಅವರಿಗೆ ಮುಖ ಎತ್ತಲಾಗಲಿಲ್ಲ.

"ತಪ್ಪು ನಿಮ್ಮದಲ್ಲ ನೀಲವ್ವ, ನನ್ನದು."

"ನೀವು ಓದಿದವ್ರು. ನನ್ನ ಸಮಾಧಾನಕ್ಕ ಅಂತೀರಿ."

"ಸಮಾಧಾನಕ್ಕಲ್ಲ. ನಾನು ಬರೆದದ್ದೇ ಹಿಂದುಮುಂದಾಗಿತ್ತು. ಗೊತ್ತಿಲ್ಲದೆ ನಿಮ್ಮ ಮೇಲೆ ಹೊರಿಸಿದೆ. ಕವಚ ನಿಮ್ಮ ಹತ್ರಾನೇ ಇರುತ್ತೆ, ಸರಿ ಮಾಡಿಕೊಡ್ತೀನಿ."

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಎರಡನೇ ಸಲ ಬಿದ್ದಾಗಿಂದ ಇದನ್ನ ಪೂರಾ ಇಲ್ಲೇ ಬಿಚ್ಚಿಟ್ಟು, ಮಂದಿ ಮುಂದ ತೆವಳಕೋತ ಒಳಗ ಹೋಗ್ತಿದ್ನ್ರಿ. ನಂದ ತಪ್ಪಂತ ತಿಳದಿದ್ನಿ. ಇವತ್ತ ನಿಮ್ಮ ಮುಂದ ತೆವಳಾಕ ನಾಚಿಕಿ ಆತು, ಅದಕ್ಕ ಮೊದಲಿನಂಗ ನಿಂತ ತಟ್ಟಿ ಅಷ್ಟ ಬಿಚ್ಚಾಕ ಹೋದ್ನಿ."

ತಿದ್ದಿದ ಪ್ರೋಗ್ರಾಂ ಎಲ್ಲ ಕವಚಗಳಿಗೂ ಹೋಯಿತು. ಜೊತೆಗೆ ಶಾಂಭವಿ ತಮ್ಮ ತಪ್ಪೊಪ್ಪಿಗೆಯನ್ನೂ ಕಳಿಸಿದರು. ಆಮೇಲೆ ಕವಚ ತೊಟ್ಟವರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ದರ್ಗಾದ ಮೆಟ್ಟಿಲಲ್ಲಿ, ಬಸದಿಯ ಬಾಗಿಲಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದವರು ನೂರಾರು ಜನ. ಒಬ್ಬರೂ ದೂರು ಕೊಟ್ಟಿರಲಿಲ್ಲ. ಎಲ್ಲರೂ ತಮ್ಮದೇ ತಪ್ಪೆಂದುಕೊಂಡಿದ್ದರು.

ಇದು ಇನ್ನೂ ಬಾರದ ಕಾಲದ ಮಾತು. ಆದರೆ ಇವತ್ತು ರೇಷನ್ ಅಂಗಡಿಗೆ ಹೋಗಿ ನೋಡಿ. ಯಂತ್ರ ಬೆರಳಚ್ಚು ಹಿಡಿಯದಿದ್ದಾಗ ಮುದುಕಿಯೊಬ್ಬಳು ಬೆರಳನ್ನು ಸೀರೆಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಾಳೆ, ಹಿಂದೆ ನಿಂತವರ ಕಡೆ ತಿರುಗಿ ತಪ್ಪಾಯಿತೆಂಬಂತೆ ನಗುತ್ತಾಳೆ. ಆ ಯಂತ್ರ ಮಾಡಿದವರು ಆ ಸಾಲಿನಲ್ಲಿ ನಿಂತಿರುವುದಿಲ್ಲ.